ಗುಣಾಕಾರ ಅಂದರೆ ಸಮ ಗುಡ್ಡೆಗಳು: ಪುಟ್ಟ ಮಕ್ಕಳ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳಿಗೆ ಗುಣಾಕಾರ ಹೇಳಿಕೊಡುವಾಗ ಅಪ್ಪ-ಅಮ್ಮ, ಅಜ್ಜಿ-ತಾತ ಕೇಳುವ ಪ್ರಶ್ನೆಗಳು ಇವು. ಒಂದೆರಡು ಶಿಕ್ಷಕರವು. ಕೆಲವಕ್ಕೆ ಉದ್ದ ಉತ್ತರ ಬೇಕಿತ್ತು, ಕೆಲವಕ್ಕೆ ಎರಡೇ ಮಾತು ಸಾಕಾಯಿತು. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ.

ನನ್ನ ಮಗಳಿಗೆ 10ರವರೆಗೆ ಮಗ್ಗಿ ಬಾಯಿಪಾಠ ಆಗಿದೆ. ಇನ್ನೇನು ಬೇಕು?

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. "ನಾಲ್ಕ್ಮೂರ್ಲ ಎಷ್ಟು?" ಅಂತ ಕೇಳಿ. "ಹನ್ನೆರಡು" ಅಂತ ತಟ್ಟನೆ ಹೇಳುತ್ತಾಳೆ. ಆಮೇಲೆ ಒಂದು ಹಿಡಿ ಹುಣಸೆ ಬೀಜ ಕೊಟ್ಟು, "ಈಗ ಹೇಳಿದ್ದನ್ನು ಇದರಲ್ಲಿ ಮಾಡಿ ತೋರಿಸು" ಅನ್ನಿ. ಬಹಳಷ್ಟು ಮಕ್ಕಳು ಒಂದು ಕಡೆ ನಾಲ್ಕು ಬೀಜ, ಇನ್ನೊಂದು ಕಡೆ ಮೂರು ಬೀಜ ಇಟ್ಟು ನಿಮ್ಮ ಮುಖ ನೋಡುತ್ತಾರೆ. ಅಲ್ಲಿರೋದು ಏಳೇ ಬೀಜ. ಹನ್ನೆರಡು ಎಲ್ಲಿಂದ ಬಂತು ಅಂತ ಅವರಿಗೂ ಗೊತ್ತಿಲ್ಲ.

ಅದು ಮಗುವಿನ ತಪ್ಪಲ್ಲ. ಕೂಡುವ ಲೆಕ್ಕದಲ್ಲಿ ಎರಡೂ ಸಂಖ್ಯೆ ಒಂದೇ ಕೆಲಸ ಮಾಡುತ್ತವೆ: ನಾಲ್ಕು ಬೀಜ, ಮೂರು ಬೀಜ, ಒಟ್ಟು ಏಳು ಬೀಜ. ಗುಣಾಕಾರದಲ್ಲಿ ಒಂದು ಸಂಖ್ಯೆ ತಟ್ಟೆಗಳನ್ನು ಎಣಿಸುತ್ತೆ, ಇನ್ನೊಂದು ಒಂದೊಂದು ತಟ್ಟೆಯಲ್ಲಿ ಇರೋದನ್ನು ಎಣಿಸುತ್ತೆ. ಈ ವ್ಯತ್ಯಾಸ ಮಗ್ಗಿಯ ರಾಗದಲ್ಲಿ ಕೇಳಿಸೋದಿಲ್ಲ. ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು. ಮಗ್ಗಿ ಬೇಡ ಅಂತ ನಾನು ಹೇಳುತ್ತಿಲ್ಲ. ಅದರ ಸರದಿ ಆಮೇಲೆ ಬರುತ್ತೆ.

ಯಾವ ವಯಸ್ಸಿಗೆ ಶುರು ಮಾಡಬಹುದು?

ಹಂಚಿ ತಿನ್ನೋಕೆ ಗೊತ್ತಾದ ದಿನದಿಂದ. "ಎಲ್ಲರಿಗೂ ಎರಡೆರಡು ಚಕ್ಕುಲಿ ಹಾಕು" ಅಂದರೆ ನಾಲ್ಕೈದು ವರ್ಷದ ಮಗು ಸರಿಯಾಗಿ ಹಾಕುತ್ತೆ. ತಮ್ಮನಿಗೆ ಮೂರು ಬಿದ್ದರೆ ಜಗಳವನ್ನೂ ಮಾಡುತ್ತೆ. ಸಮ ಅಂದರೆ ಏನು ಅಂತ ಆ ಮಗುವಿಗೆ ಆಗಲೇ ಗೊತ್ತು. × ಗುರುತು, ಮಗ್ಗಿ, ಬರೆಯೋದು ಇವೆಲ್ಲ ಸಾಮಾನ್ಯವಾಗಿ ಎರಡನೇ ತರಗತಿಗೆ ಬರುತ್ತವೆ. ಅದಕ್ಕೆ ಮುಂಚೆ ಒಂದು ವರ್ಷ ಗುರುತೇ ಇಲ್ಲದೆ ಬರೀ ಗುಂಪು ಆಡಿಸಿದರೆ ಏನೂ ನಷ್ಟವಿಲ್ಲ.

ಕಥೆಯಲ್ಲಿ ಲೆಕ್ಕ ಸೇರಿಸೋದು ಹೇಗೆ? ನನಗೆ ಕಥೆ ಕಟ್ಟೋಕೆ ಬರೋಲ್ಲ.

ಹೊಸ ಕಥೆ ಬೇಕಿಲ್ಲ. ಎಲ್ಲವನ್ನೂ ಸಮವಾಗಿ ಜೋಡಿಸಿಡುವ ಜಾಗ ಒಂದು ಸಿಕ್ಕರೆ ಸಾಕು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಂತೆ. ಸಂತೆಯಲ್ಲಿ ನಿಂಬೆಹಣ್ಣನ್ನು ಎಷ್ಟೋ ಜನ ತೂಕ ಹಾಕೋದಿಲ್ಲ, ಗುಡ್ಡೆ ಲೆಕ್ಕ. ಗೋಣಿತಾಟಿನ ಮೇಲೆ ಒಂದೇ ಸಮ ಗುಡ್ಡೆಗಳು, ಗುಡ್ಡೆಗೆ ಇಷ್ಟು ರೂಪಾಯಿ. ಈ ಕಥೆಯನ್ನು ಹೀಗೆ ಹೇಳಿ ನೋಡಿ:

ರಂಗಜ್ಜಿ ಬೆಳಿಗ್ಗೆ ಬೇಗ ಸಂತೆಗೆ ಬಂದಳು. ಗೋಣಿತಾಟು ಹಾಸಿದಳು. ಬುಟ್ಟಿಯಿಂದ ನಿಂಬೆಹಣ್ಣು ತೆಗೆದು ಗುಡ್ಡೆ ಕಟ್ಟಿದಳು. ಒಂದು ಗುಡ್ಡೆಗೆ ಐದು ಹಣ್ಣು. ಕೆಳಗೆ ನಾಲ್ಕು, ಮೇಲೆ ಒಂದು. ಹೀಗೆ ನಾಲ್ಕು ಗುಡ್ಡೆ ಕಟ್ಟಿದಳು. (ಇಲ್ಲಿ ನಿಲ್ಲಿಸಿ. ಮಗು ಬೀಜದಲ್ಲೋ ಗೋಲಿಯಲ್ಲೋ ಗುಡ್ಡೆ ಕಟ್ಟಲಿ. "ಗುಡ್ಡೆಗಳಲ್ಲಿ ಒಟ್ಟು ಎಷ್ಟು ಹಣ್ಣು?") ಅಷ್ಟರಲ್ಲಿ ಒಂದು ಕೋತಿ ಬಂತು. ಕೊನೇ ಗುಡ್ಡೆಯ ಮೇಲಿನ ಹಣ್ಣು ಎತ್ತಿಕೊಂಡು ಓಡಿಹೋಯಿತು. (ಮತ್ತೆ ನಿಲ್ಲಿಸಿ. "ಈಗ ಇವು ನಾಲ್ಕು ಐದು ಅನ್ನಬಹುದಾ?") ಒಬ್ಬಳು ಹೆಂಗಸು ಬಂದು ಅದೇ ಗುಡ್ಡೆ ಕೈಗೆತ್ತಿಕೊಂಡಳು. "ಅಜ್ಜೀ, ಇದರಲ್ಲಿ ಒಂದು ಕಮ್ಮಿ ಐತಲ್ಲ!" "ತಾಳವ್ವ, ಹಾಕ್ತೀನಿ," ಅಂತ ಅಜ್ಜಿ ಬುಟ್ಟಿಯ ತಳದಿಂದ ಇನ್ನೊಂದು ತೆಗೆದು ಇಟ್ಟಳು.

ಈ ಕಥೆಯ ಜೀವ ಆ ಕೋತಿಯಲ್ಲಿದೆ. ಸಮ ಗುಂಪನ್ನು ಬರೀ ತೋರಿಸಿದರೆ ಮಗು ತಲೆ ಆಡಿಸುತ್ತೆ, ಅಷ್ಟೇ. ಅದು ಕೆಟ್ಟಾಗ ಗಮನ ಹೋಗುತ್ತೆ. "ನಾಲ್ಕು ಐದು ಅಲ್ಲ, ಒಂದು ಕಮ್ಮಿ" ಅಂತ ಮಗುವೇ ಹೇಳಿದರೆ ಅರ್ಧ ಕೆಲಸ ಆದಂತೆ. ಕೆಲವು ಮಕ್ಕಳು ಇನ್ನೂ ಮುಂದೆ ಹೋಗಿ, "ಇಪ್ಪತ್ತರಲ್ಲಿ ಒಂದು ಹೋದರೆ ಹತ್ತೊಂಬತ್ತು" ಅನ್ನುತ್ತಾರೆ. ಅವರು ಒಂದೊಂದಾಗಿ ಎಣಿಸೋದು ಬಿಟ್ಟಿದ್ದಾರೆ ಅಂತ ಅರ್ಥ.

ಮಾರನೇ ದಿನ ಅದೇ ಕಥೆ, ಬೇರೆ ಗುಡ್ಡೆ. ನಿಂಬೆಹಣ್ಣಿನ ರೇಟು ಏರಿದೆ, ಅಜ್ಜಿ ಗುಡ್ಡೆಗೆ ನಾಲ್ಕೇ ಹಣ್ಣು ಇಡುತ್ತಾಳೆ. ಅದೇ ಇಪ್ಪತ್ತು ಹಣ್ಣಲ್ಲಿ ಈಗ ಎಷ್ಟು ಗುಡ್ಡೆ? ಭಾಗಾಕಾರ ಅನ್ನೋ ಹೆಸರು ಹೇಳದೆಯೇ ಭಾಗಾಕಾರ ಶುರುವಾಯಿತು, ಅಲ್ವಾ?

ಪುಸ್ತಕದಲ್ಲೂ ಕಥೆಯಂಥ ಲೆಕ್ಕ ಇರುತ್ತವಲ್ಲ, ಅವು ಸಾಲದಾ?

ಕೆಲವು ಚೆನ್ನಾಗಿರುತ್ತವೆ. ಕೆಲವನ್ನು ಓದಿದರೆ ನಗು ಬರುತ್ತೆ. "4 ಮರಗಳಿವೆ, ಪ್ರತಿ ಮರದಲ್ಲಿ 3 ಹಕ್ಕಿಗಳಿವೆ." ಯಾವ ಊರಲ್ಲಿ ಹಕ್ಕಿಗಳು ಲೆಕ್ಕ ಹಾಕಿಕೊಂಡು ಮೂರು ಮೂರು ಕೂರುತ್ತವೆ? ಗುಂಪುಗಳು ಯಾಕೆ ಸಮ ಅನ್ನೋದಕ್ಕೆ ಕಥೆಯಲ್ಲೇ ಕಾರಣ ಇರಬೇಕು. ಆಟೋಗೆ ಮೂರೇ ಚಕ್ರ, ಹಸುವಿಗೆ ನಾಲ್ಕೇ ಕಾಲು, ಇರುವೆಗೆ ಆರು, ಜೇಡಕ್ಕೆ ಎಂಟು. ಅಂಗಡಿಯ ಮೊಟ್ಟೆ ಟ್ರೇಯಲ್ಲಿ ಸಾಲಿಗೆ ಆರರಂತೆ ಐದು ಸಾಲು, ಒಟ್ಟು 30. ಬಳೆ ಡಜನ್ ಲೆಕ್ಕದಲ್ಲಿ. ಕಾರಣ ಇದ್ದರೆ ಮಗು "ಪ್ರತಿ" ಅನ್ನೋ ಮಾತನ್ನು ನಂಬುತ್ತೆ. ಇಲ್ಲದಿದ್ದರೆ ಆ ಮಾತನ್ನು ಹಾರಿಸಿ ಓದುತ್ತೆ, ಸಿಕ್ಕ ಎರಡು ಸಂಖ್ಯೆಗಳನ್ನು ಕೂಡಿಬಿಡುತ್ತೆ.

ನನ್ನ ಮಗ ಗುಂಪು ಮಾಡ್ತಾನೆ. ಆದರೆ ಮತ್ತೆ 1, 2, 3 ಅಂತ ಮೊದಲಿನಿಂದ ಎಣಿಸ್ತಾನೆ.

ಎಣಿಸಲಿ, ಬೈಯಬೇಡಿ. ಅವನಿಗೆ ಇನ್ನೂ ಗುಂಪು ಒಂದು ಘಟಕವಾಗಿ ಕಂಡಿಲ್ಲ. ಒಂದು ಉಪಾಯ ಇದೆ. ಮೂರು ಮೂರು ಬೀಜದ ನಾಲ್ಕು ಗುಂಪು ಮಾಡಿಸಿ. ಆಮೇಲೆ ಒಂದೊಂದು ಗುಂಪಿನ ಮೇಲೂ ಒಂದು ಬಟ್ಟಲು ಕವುಚಿ ಹಾಕಿ. ಈಗ ಬೀಜ ಮುಟ್ಟೋಕೆ ಆಗೋದಿಲ್ಲ, ಬಟ್ಟಲು ಮಾತ್ರ ಮುಟ್ಟಬಹುದು. ಮೊದಲನೇ ಬಟ್ಟಲು ಮುಟ್ಟಿ "ಮೂರು" ಅಂತಾನೆ. ಎರಡನೆಯದನ್ನು ಮುಟ್ಟಿ, ತಲೆಯಲ್ಲೇ "ನಾಲ್ಕು, ಐದು" ಅಂತ ಪಿಸುಗುಟ್ಟಿ, "ಆರು" ಅಂತ ಜೋರಾಗಿ ಹೇಳ್ತಾನೆ. ಆ ಪಿಸುಮಾತು ದಿನ ಕಳೆದಂತೆ ತಾನಾಗೇ ಕರಗುತ್ತೆ. ಬಟ್ಟಲು ಎತ್ತಿ ನೋಡಬೇಕು ಅಂದರೆ ನೋಡಲಿ.

ಇನ್ನೊಂದು ದಾರಿ ಕೈಯಲ್ಲೇ ಇದೆ. ನಮ್ಮ ಅಜ್ಜಿಯರು ಹೆಬ್ಬೆರಳಿನಿಂದ ಬೆರಳ ಗೆಣ್ಣು ಮುಟ್ಟಿ ಎಣಿಸುತ್ತಿದ್ದರು, ಈಗಲೂ ಎಣಿಸುತ್ತಾರೆ. ಒಂದು ಬೆರಳಿಗೆ ಮೂರು ಗೆಣ್ಣು, ಹೆಬ್ಬೆರಳು ಬಿಟ್ಟು ನಾಲ್ಕು ಬೆರಳು. ಕಿರುಬೆರಳು ಮುಗಿದರೆ 3, ಉಂಗುರ ಬೆರಳು ಮುಗಿದರೆ 6, ಆಮೇಲೆ 9, ಆಮೇಲೆ 12. ಎರಡು ಕೈ ಸೇರಿದರೆ 24. ಮೂರರ ಮಗ್ಗಿ ಮರೆತ ಮಗುವಿಗೆ ಇದಕ್ಕಿಂತ ಒಳ್ಳೆ ಚೀಟಿ ಇಲ್ಲ. ಪರೀಕ್ಷೆಯಲ್ಲೂ ಯಾರೂ ಕಿತ್ತುಕೊಳ್ಳೋದಿಲ್ಲ.

3 × 4, 4 × 3 ಎರಡೂ ಒಂದೇ ಅಲ್ವಾ? ಹೋಂವರ್ಕ್‌ನಲ್ಲಿ ಯಾಕೆ ತಪ್ಪು ಹಾಕಿದ್ದಾರೆ?

ಉತ್ತರ ಒಂದೇ, ಚಿತ್ರ ಬೇರೆ. ನಾಲ್ಕು ಆಟೋ ನಿಂತಿವೆ, ಹನ್ನೆರಡು ಚಕ್ರ. ಮೂರು ಹಸು ನಿಂತಿವೆ, ಹನ್ನೆರಡು ಕಾಲು. ಆಟೋಗೆ ನಾಲ್ಕು ಚಕ್ರ ಬರೆದರೆ ಮಗುವೇ ನಗುತ್ತೆ.

ಬರೆಯುವಾಗ ಯಾವ ಸಂಖ್ಯೆ ಮೊದಲು ಅನ್ನೋದು ಬರೀ ಒಪ್ಪಂದ. ನಾವು ಮೂರರ ಮಗ್ಗಿ ಹೇಳುವಾಗ 3 ಅನ್ನೋದು ಗುಂಪಿನ ಅಳತೆ; 3 × 4 ಅಂದರೆ ಮೂರು, ನಾಲ್ಕು ಸಲ. ಅಮೆರಿಕದಲ್ಲಿ ಬಹಳಷ್ಟು ರಾಜ್ಯಗಳ ಮೂರನೇ ತರಗತಿ ಪಾಠದಲ್ಲಿ ಇದು ತಿರುಗಿ ಇದೆ. ಅಲ್ಲಿ 5 × 7 ಅಂದರೆ ಏಳೇಳರ ಐದು ಗುಂಪು. ಅಲ್ಲಿರುವ ಕನ್ನಡದ ಮಕ್ಕಳು ಶಾಲೆಯಲ್ಲಿ ಒಂದು ಥರ, ವಿಡಿಯೋ ಕಾಲ್‌ನಲ್ಲಿ ಅಜ್ಜಿ ಹತ್ತಿರ ಇನ್ನೊಂದು ಥರ ಕಲಿತು ಗೊಂದಲ ಮಾಡಿಕೊಳ್ಳೋದು ಇದೇ ಕಾರಣಕ್ಕೆ. ನನ್ನ ಅಭಿಪ್ರಾಯ ಕೇಳಿದರೆ, ಏಳೆಂಟು ವರ್ಷದ ಮಗುವಿಗೆ ಬರೀ ಕ್ರಮಕ್ಕಾಗಿ ಕೆಂಪು ಇಂಕಿನ ಗೀಟು ಬೇಡ. ಮಗು ಬರೆದ ಚಿತ್ರ ಕಥೆಗೆ ಹೊಂದುತ್ತಾ ಅಂತ ನೋಡಿದರೆ ಸಾಕು.

ಉತ್ತರ ಯಾಕೆ ಒಂದೇ ಬರುತ್ತೆ ಅಂತ ತೋರಿಸೋಕೆ ಸ್ಲೇಟು ತಗೊಳ್ಳಿ. ಮೂರು ಸಾಲು ಚುಕ್ಕಿ ಇಡಿ, ಸಾಲಿಗೆ ನಾಲ್ಕು. ಸ್ಲೇಟನ್ನು ಪಕ್ಕಕ್ಕೆ ತಿರುಗಿಸಿ. ಈಗ ನಾಲ್ಕು ಸಾಲು, ಸಾಲಿಗೆ ಮೂರು. ಒಂದು ಚುಕ್ಕಿಯೂ ಬಂದಿಲ್ಲ, ಹೋಗಿಲ್ಲ.

ರಂಗೋಲಿ ಚುಕ್ಕಿಯಲ್ಲಿ ಹೇಳಿಕೊಡಬಹುದಾ?

ಖಂಡಿತ. ಆದರೆ ಯಾವ ರಂಗೋಲಿ ಅಂತ ನೋಡಿಕೊಳ್ಳಿ. ನೇರ ಚುಕ್ಕಿ ಆದರೆ "5 ಚುಕ್ಕಿ 5 ಸಾಲು" ಅನ್ನುವಾಗಲೇ ಗುಣಾಕಾರ ಹೇಳಿದ ಹಾಗಾಯಿತು. ಸಂದು ಚುಕ್ಕಿ ಹಾಗಲ್ಲ. "7ರಿಂದ 4" ಅಂದರೆ ಸಾಲುಗಳು 4, 5, 6, 7, 6, 5, 4. ಇಲ್ಲಿ ಸಾಲುಗಳು ಸಮ ಇಲ್ಲ, ಹಾಗಾಗಿ ಏಳೇಳ್ಲ ನಲವತ್ತೊಂಬತ್ತು ಅಂದರೆ ತಪ್ಪು. ಇರೋದು 37. ಎರಡನ್ನೂ ಅಕ್ಕಪಕ್ಕ ಹಾಕಿಸಿ, "ಯಾವುದಕ್ಕೆ ಮಗ್ಗಿ ನಡೆಯುತ್ತೆ, ಯಾವುದಕ್ಕೆ ನಡೆಯೋಲ್ಲ?" ಅಂತ ಕೇಳಿ. ಗುಣಾಕಾರ ಎಲ್ಲಿ ಕೆಲಸ ಮಾಡೋದಿಲ್ಲ ಅಂತ ಗೊತ್ತಿರೋ ಮಗುವಿಗೆ ಅದು ಎಲ್ಲಿ ಮಾಡುತ್ತೆ ಅಂತಲೂ ಗೊತ್ತಿರುತ್ತೆ.

ಮನೆಯಲ್ಲಿ ಆಡೋಕೆ ಯಾವ ಆಟ ಒಳ್ಳೆಯದು?

ಚೌಕಾಬಾರದ ನಾಲ್ಕು ಕವಡೆ ಇದ್ದರೆ ಅದರಲ್ಲೇ ಒಂದು ಆಟ ಇದೆ. ಇಬ್ಬರು ಆಡಬಹುದು, ನಾಲ್ವರೂ ಆಡಬಹುದು. ಮೊದಲು ಕವಡೆ ಹಾಕಿದಾಗ ಬಿದ್ದಷ್ಟು ತಟ್ಟೆ ಬರೆಯಬೇಕು, ನೆಲದ ಮೇಲೆ ಸೀಮೆಸುಣ್ಣದಲ್ಲಿ. ಎರಡನೇ ಸಲ ಬಿದ್ದಷ್ಟು ಬೀಜವನ್ನು ಪ್ರತಿ ತಟ್ಟೆಗೂ ಇಡಬೇಕು. ಒಟ್ಟು ಯಾರದು ಜಾಸ್ತಿಯೋ ಅವರು ಆ ಸುತ್ತು ಗೆದ್ದರು.

ಲೆಕ್ಕ ಚೌಕಾಬಾರದ್ದೇ. ಬಾಯಿ ಮೇಲಾಗಿ ಬಿದ್ದ ಕವಡೆಗೆ ಒಂದೊಂದು, ನಾಲ್ಕೂ ಮೇಲಾದರೆ 4, ನಾಲ್ಕೂ ಕವುಚಿ ಬಿದ್ದರೆ 8. ಮಜಾ ಇರೋದು ಆ ಎಂಟರಲ್ಲಿ. ಎಂಟು ತಟ್ಟೆ ಬರೆದ ಮಗುವಿಗೆ ಮತ್ತೆ ಎಂಟು ಬಿದ್ದರೆ 64 ಬೀಜ ಬೇಕು. ಡಬ್ಬಿಯಲ್ಲಿ ಅಷ್ಟು ಇರೋದಿಲ್ಲ. (ಬೇಕಂತಲೇ ಕಮ್ಮಿ ಇಡಿ.) ಬೀಜ ಮುಗಿದ ಮೇಲೆ ಮಗು ತಲೆಯಲ್ಲಿ ಲೆಕ್ಕ ಹಾಕಲೇಬೇಕು. ಇನ್ನೊಂದು ವಿಷಯವೂ ತಾನಾಗೇ ಗೊತ್ತಾಗುತ್ತೆ. ಒಬ್ಬಳಿಗೆ 8 ತಟ್ಟೆ, ತಟ್ಟೆಗೆ 1. ಇನ್ನೊಬ್ಬನಿಗೆ 3 ತಟ್ಟೆ, ತಟ್ಟೆಗೆ 3. ಎಂಟು ತಟ್ಟೆ ಬಂತು ಅಂತ ಕುಣಿದವಳು ಸೋಲುತ್ತಾಳೆ. ತಟ್ಟೆ ಜಾಸ್ತಿ ಇದ್ದರೆ ಸಾಲದು ಅಂತ ಇದಕ್ಕಿಂತ ಚೆನ್ನಾಗಿ ಯಾವ ಪಾಠವೂ ಹೇಳೋದಿಲ್ಲ.

ಕರಾವಳಿ ಕಡೆಯವರಾದರೆ ಅಟ್ಟದ ಮೇಲೆ ಚೆನ್ನೆಮಣೆ ಇರಬಹುದು. ಬೇರೆ ಕಡೆ ಅಳಿಗುಳಿ ಮಣೆ ಅಂತಾರೆ. ಆಟಿ ತಿಂಗಳ ಮಳೆಗೆ ಮನೆಯೊಳಗೆ ಕೂತು ಆಡುವ ಆಟ. ಏಳೇಳು ಗುಳಿಯ ಎರಡು ಸಾಲು, ಒಟ್ಟು 14 ಗುಳಿ. ತುಳುನಾಡಿನಲ್ಲಿ ಗುಳಿಗೆ ನಾಲ್ಕು ಕಾಯಿ ಹಾಕಿ ಶುರು ಮಾಡೋದು ರೂಢಿ. ಕೆಲವು ಕಡೆ ಐದು ಹಾಕುತ್ತಾರೆ. ಆಟಕ್ಕೆ ಮುಂಚೆ ಕೇಳಿ: "ನಿನ್ನ ಕಡೆ ಎಷ್ಟು ಕಾಯಿ?" ಏಳ್ನಾಲ್ಕ್ಲ ಇಪ್ಪತ್ತೆಂಟು. "ಇಬ್ಬರದೂ ಸೇರಿದರೆ?" ಐವತ್ತಾರು. ಎರಡು ಸುತ್ತು ಆಡಿದ ಮೇಲೆ ಗುಳಿಗಳು ಒಂದೊಂದು ಥರ ಆಗಿರುತ್ತವೆ. ಈಗ ಮಗ್ಗಿಯಿಂದ ಎಣಿಸಬಹುದಾ? ಆಗೋದಿಲ್ಲ. ಆದರೆ ಗೆದ್ದ ಕಾಯಿಯೂ ಸೇರಿ ಒಟ್ಟು ಇನ್ನೂ ಐವತ್ತಾರೇ. ಆಟ ಮುಗಿಸಿ ಎತ್ತಿಡುವಾಗ ನಾಲ್ಕು ನಾಲ್ಕು ಗುಂಪು ಮಾಡಿಸಿ. ಹದಿನಾಲ್ಕು ಗುಂಪು ಬರದಿದ್ದರೆ ಒಂದು ಕಾಯಿ ಮಂಚದ ಕೆಳಗೆ ಹೋಗಿದೆ.

6, 7, 8ರ ಮಗ್ಗಿ ಬಂದ ಕೂಡಲೇ ಅಳು. ಏನು ಮಾಡಲಿ?

ನಮ್ಮ ಕೆಂಪು ಬಸ್ಸು ಹತ್ತಿಸಿ. ತಮಾಷೆಗೆ ಹೇಳಿದ್ದಲ್ಲ. ಸಾರಿಗೆ ಬಸ್ಸಿನ ಸಾಲು ನೋಡಿ: ಒಂದು ಕಡೆ ಮೂವರ ಸೀಟು, ನಡುವೆ ಓಡಾಡೋ ಜಾಗ, ಇನ್ನೊಂದು ಕಡೆ ಇಬ್ಬರ ಸೀಟು. ಆರು ಸಾಲಿನಲ್ಲಿ ಎಷ್ಟು ಜನ ಕೂರಬಹುದು? ಒಬ್ಬ ಹುಡುಗ "ಸಾಲಿಗೆ ಐದು, ಆರು ಸಾಲು, ಮೂವತ್ತು" ಅನ್ನುತ್ತಾನೆ. ಇನ್ನೊಬ್ಬಳು "ಆ ಕಡೆ ಆರು ಮೂರು ಹದಿನೆಂಟು, ಈ ಕಡೆ ಆರು ಎರಡು ಹನ್ನೆರಡು, ಒಟ್ಟು ಮೂವತ್ತು" ಅನ್ನುತ್ತಾಳೆ. ಇಬ್ಬರೂ ಸರಿ. ಹಿಂದಿನ ಉದ್ದ ಸೀಟನ್ನು ಲೆಕ್ಕಕ್ಕೆ ತಗೋಬೇಡಿ, ಅದು ಬೇರೆ ಸಾಲುಗಳ ಥರ ಅಲ್ಲ. ಕೇಳದಿದ್ದರೂ ಮಕ್ಕಳೇ ಅದನ್ನು ಎತ್ತಿ ತೋರಿಸುತ್ತಾರೆ, ನೋಡಿ.

ಇದನ್ನೇ ಈಗ ಏಳೆಂಟ್ಲಕ್ಕೆ ತನ್ನಿ. ಸಾಲಿಗೆ ಏಳು ಜನ ಕೂರುವ ದೊಡ್ಡ ಬಸ್ಸು ಬರೆಯಿರಿ, ಎಂಟು ಸಾಲು. ನಡುವಿನ ಜಾಗವನ್ನು ಎಲ್ಲಿ ಬಿಡಬೇಕು ಅಂತ ಮಗುವೇ ಹೇಳಲಿ. ಐದು ಮತ್ತು ಎರಡು ಅಂತ ಬಿಟ್ಟರೆ ಲೆಕ್ಕ ಸುಲಭ: ಎಂಟು ಐದು ನಲವತ್ತು, ಎಂಟು ಎರಡು ಹದಿನಾರು, ಒಟ್ಟು ಐವತ್ತಾರು. ನಾಲ್ಕು ಮತ್ತು ಮೂರು ಅಂತ ಬಿಟ್ಟರೂ ಅದೇ ಬರುತ್ತೆ, ಸ್ವಲ್ಪ ಕಷ್ಟ ಅಷ್ಟೇ. 2 ಮತ್ತು 5ರ ಮಗ್ಗಿ ಬರುವ ಮಗು 7ರ ಮಗ್ಗಿಯನ್ನು ತಾನೇ ಕಟ್ಟಿಕೊಳ್ಳಬಹುದು. ಮರೆತರೂ ಮತ್ತೆ ಕಟ್ಟಬಹುದು. ಮುಂದೆ ದೊಡ್ಡ ತರಗತಿಯಲ್ಲಿ 23 × 4 ಬಂದಾಗ ಇದೇ ಬಸ್ಸು ಬೇಕಾಗುತ್ತೆ, 20ರ ಸೀಟು ಒಂದು ಕಡೆ, 3ರ ಸೀಟು ಇನ್ನೊಂದು ಕಡೆ.

ಹಾಗಾದರೆ ಬಾಯಿಪಾಠ ಯಾವಾಗ? ಯಾವ ಮಗ್ಗಿ ಮೊದಲು?

ಗುಂಪು ಮಾಡಿ ತೋರಿಸೋಕೆ ಬಂದ ಮೇಲೆ ಧಾರಾಳವಾಗಿ ಹೇಳಿಸಿ. ರಾಗವಾಗಿ, ಚಪ್ಪಾಳೆ ತಟ್ಟಿಕೊಂಡು, ಸಂಜೆ ಕೈಕಾಲು ತೊಳೆದು ದೀಪ ಹಚ್ಚಿದ ಮೇಲೆ, ಹೇಗೆ ನಿಮ್ಮ ಮನೆಯ ರೂಢಿಯೋ ಹಾಗೆ. ಬಾಯಿಗೆ ಬಂದಿರೋದು ತುಂಬಾ ಉಪಯೋಗದ್ದು. ಅದನ್ನು ಹಳೇ ಕಾಲದ್ದು ಅಂತ ಬಿಡೋರ ಮಾತು ನನಗೆ ಒಪ್ಪಿಗೆ ಇಲ್ಲ.

ಕ್ರಮ ಮಾತ್ರ 1, 2, 3, 4 ಅಂತ ಬೇಡ. ಮೊದಲು 2, ಆಮೇಲೆ 10, ಆಮೇಲೆ 5. ಆಮೇಲೆ 4, ಅದು ಎರಡರ ಎರಡರಷ್ಟು. ಆಮೇಲೆ 3, 6. 9ಕ್ಕೆ ಹತ್ತರ ಲೆಕ್ಕ ಹಾಕಿ ಒಂದು ಗುಂಪು ತೆಗೆದರೆ ಆಯಿತು: 9 × 6 ಅಂದರೆ 60ರಲ್ಲಿ 6 ಕಳೆದು 54. ಕೊನೆಗೆ 8 ಮತ್ತು 7.

ಮಗುವಿಗೆ ಧೈರ್ಯ ತುಂಬೋಕೆ ಈ ಲೆಕ್ಕ ತೋರಿಸಿ. 1ರಿಂದ 10ರವರೆಗಿನ ಮಗ್ಗಿಯಲ್ಲಿ ನೂರು ಉತ್ತರ. ಸ್ಲೇಟು ತಿರುಗಿಸುವ ಗುಟ್ಟು ಗೊತ್ತಾದರೆ 55. ಅದರಲ್ಲಿ 1, 2, 5, 10ರವನ್ನು ತೆಗೆದರೆ ಉಳಿಯೋದು 21. 9ರ ಉಪಾಯ ಗೊತ್ತಿದ್ದರೆ 15. 4 ಅಂದರೆ ಎರಡರ ಎರಡರಷ್ಟು ಅಂತ ಗೊತ್ತಿದ್ದರೆ ಬರೀ 10. ಆ ಹತ್ತನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

ಹೇಳಿಸುವಾಗ ಒಂದು ವಿಷಯ ಗಮನಿಸಿ. "ಏಳಾರ್ಲ?" ಅಂತ ಕೇಳಿದಾಗ ಮಗು ಏಳೊಂದ್ಲದಿಂದ ಶುರು ಮಾಡಿದರೆ, ಅದಕ್ಕೆ ರಾಗ ಬಂದಿದೆ, ಉತ್ತರ ಇನ್ನೂ ಬಂದಿಲ್ಲ. ನಡುನಡುವೆ ಕೇಳಿ, ಹಿಂದಿನಿಂದ ಕೇಳಿ.

ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಯಾಕೆ ಅಂತ ಹೇಗೆ ಹೇಳಲಿ?

ಐದು ಖಾಲಿ ತಟ್ಟೆ ಇಟ್ಟು "ಎಷ್ಟು ಇಡ್ಲಿ ಇದೆ?" ಅಂತ ಕೇಳಿ.

ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ನಲಿ-ಕಲಿ ಕೊಠಡಿಯಲ್ಲಿ ಮೂರು ತರಗತಿ ಒಟ್ಟಿಗೆ ಇವೆ. ಇದೆಲ್ಲ ಆಗುತ್ತಾ?

ನನ್ನ ಪ್ರಕಾರ ನಿಮ್ಮ ಕೊಠಡಿಯಲ್ಲೇ ಇದು ಚೆನ್ನಾಗಿ ಆಗುತ್ತೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದಾಗಿನಿಂದ ನಲಿ-ಕಲಿಯ ಬಲವೇ ಮಕ್ಕಳು ಬೇರೆ ಬೇರೆ ಹಂತದಲ್ಲಿದ್ದೂ ಒಟ್ಟಿಗೆ ಕೂರೋದು. ಸಂತೆ ಆಟ ಹಾಕಿ. ಒಂದನೆಯವರು ಗುಡ್ಡೆ ಕಟ್ಟಲಿ, ಸಮ ಇದೆಯಾ ಅಂತ ನೋಡೋದು ಅವರ ಕೆಲಸ. ಎರಡನೆಯವರು ಕೊಳ್ಳೋರು; ಮೂರು ಗುಡ್ಡೆ ಕೊಂಡರೆ ಎಷ್ಟು ಹಣ್ಣು ಬಂತು ಅಂತ ಹೇಳಬೇಕು. ಮೂರನೆಯವರು ಅಂಗಡಿಯವರು, ಎಷ್ಟು ದುಡ್ಡು, ಎಷ್ಟು ಚಿಲ್ಲರೆ ವಾಪಸ್ ಅಂತ ಚೀಟಿ ಬರೆಯಬೇಕು. ಗಲಾಟೆ ಆಗುತ್ತೆ. ಸಂತೆ ಅಂದಮೇಲೆ ಆಗದೆ ಇರುತ್ತಾ?

ಪದ ಲೆಕ್ಕದಲ್ಲಿ ಕೂಡಬೇಕಾ, ಗುಣಿಸಬೇಕಾ ಅಂತ ಮಗು ನನ್ನನ್ನೇ ಕೇಳುತ್ತೆ.

ಉತ್ತರ ಹೇಳಬೇಡಿ. "ಚಿತ್ರ ಬರಿ" ಅನ್ನಿ, ಅಷ್ಟೇ. "3 ಡಬ್ಬಿ, ಪ್ರತಿ ಡಬ್ಬಿಯಲ್ಲಿ 6 ಲಾಡು" ಅಂತ ಇದ್ದರೆ ಡಬ್ಬಿ ಬರೆದು ಒಳಗೆ ಚುಕ್ಕಿ ಇಡಲಿ. "3 ಲಾಡು ಅಕ್ಕನಿಗೆ, 6 ಲಾಡು ತಮ್ಮನಿಗೆ" ಅಂದರೆ ಚಿತ್ರ ಬೇರೆಯೇ ಬರುತ್ತೆ. "ಒಟ್ಟು ಅಂತ ಇದ್ದರೆ ಕೂಡು, ಪ್ರತಿ ಅಂತ ಇದ್ದರೆ ಗುಣಿಸು" ಅನ್ನೋ ಸೂತ್ರ ಹೇಳಿಕೊಡೋರು ಇದ್ದಾರೆ. ಅದು ಎರಡು ವಾರ ನಡೆಯುತ್ತೆ. ಆಮೇಲೆ ಎರಡೂ ಮಾತು ಒಂದೇ ಲೆಕ್ಕದಲ್ಲಿ ಬರುತ್ತವೆ.

ವಾರಕ್ಕೊಂದು ಸಲ ತಿರುಗಿಸಿ ಆಡಿ. ನೀವು "4 × 6" ಅಂತ ಬರೆದು ಕೊಡಿ, ಮಗು ಅದಕ್ಕೊಂದು ಕಥೆ ಹೇಳಲಿ. ಇರುವೆ ಬರುತ್ತೋ, ಮೊಟ್ಟೆ ಟ್ರೇ ಬರುತ್ತೋ, ಕ್ರಿಕೆಟ್ಟಿನ ಸಿಕ್ಸರ್ ಬರುತ್ತೋ ನೋಡಿ. ನಾಲ್ಕು ಸಿಕ್ಸರ್‌ಗೆ 24 ರನ್ ಅಂತ ಮಗ್ಗಿ ಬರದ ಹುಡುಗರಿಗೂ ಗೊತ್ತಿರುತ್ತೆ.

ಮೊಬೈಲ್ ಆಪ್ ಇದ್ದರೆ ಸಾಲದಾ?

ಗುಂಪು ಅರ್ಥವಾದ ಮೇಲೆ ಅಭ್ಯಾಸಕ್ಕೆ ಪರವಾಗಿಲ್ಲ. ಅದಕ್ಕೆ ಮುಂಚೆ ಬೇಡ. ಪರದೆ ಒತ್ತಿದರೆ ಗುಂಪು ತಾನಾಗೇ ಸಮ ಆಗಿಬಿಡುತ್ತೆ, ಮಗು ಮಾಡೋ ಕೆಲಸವೇ ಉಳಿಯೋದಿಲ್ಲ.

ಸಾಮಾನು ಏನೇನು ಬೇಕು?

ಒಂದು ಡಬ್ಬಿ ಹುಣಸೆ ಬೀಜ, ಐದಾರು ಬಟ್ಟಲು, ಒಂದು ಸ್ಲೇಟು, ಸೀಮೆಸುಣ್ಣ, ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನೇ ಒಂದು ಬದಿ ಉಜ್ಜಿ ಬಿಳಿ ಮಾಡಿಕೊಳ್ಳಿ. ಮನೆಯಲ್ಲಿ ಅಂಬೆಗಾಲಿಡುವ ಕೂಸು ಇದ್ದರೆ ಬೀಜ ಬೇಡ, ಬಾಟಲಿ ಮುಚ್ಚಳ ದೊಡ್ಡ ಅಳತೆಯವು ಇಡಿ. ಸಣ್ಣ ಕಾಯಿ ಬಾಯಿಗೋ ಮೂಗಿಗೋ ಹೋಗೋದು ಕ್ಷಣದ ಮಾತು. ಇನ್ನು ನೋಡೋಕೆ ಚೆಂದ ಅಂತ ಗುಲಗಂಜಿ ಮಾತ್ರ ಕೊಡಬೇಡಿ. ಆ ಕೆಂಪು-ಕಪ್ಪು ಬೀಜ ವಿಷ, ಅಗಿದು ನುಂಗಿದರೆ ಜೀವಕ್ಕೇ ಅಪಾಯ.